ದೂರದ ಊರಿನ ನೌಕರಿ: ಹೋಗುವುದಾ, ಬಿಡುವುದಾ? ಕಲಬುರಗಿ, ಬೀದರ್, ಯಾದಗಿರಿ ಮನೆಗಳಿಗೆ ಒಂದು ಲೆಕ್ಕ

ಬೆಂಗಳೂರಿಂದಲೋ ಪುಣೆಯಿಂದಲೋ ಆಫರ್ ಲೆಟರ್ ಬಂತು ಅಂದರೆ ಮನೆಯಲ್ಲಿ ಎರಡು ಪಕ್ಷ ಆಗುತ್ತವೆ. "ಊರಾಗ ಏನದ, ಹೋಗು" ಅನ್ನುವವರು ಒಂದು ಕಡೆ. "ಇದ್ದದ್ರಾಗ ತಿಂದು ಇಲ್ಲೇ ಇರು" ಅನ್ನುವವರು ಇನ್ನೊಂದು ಕಡೆ. ಎರಡರಲ್ಲೂ ಪ್ರೀತಿ ಇದೆ, ಕಾಳಜಿ ಇದೆ. ಆದರೆ ಎರಡರಲ್ಲೂ ಲೆಕ್ಕ ಇಲ್ಲ. ಲೆಟರ್‌ನಲ್ಲಿ ಒಪ್ಪಿಗೆ ಕೊಡುವುದಕ್ಕೆ ಮೂರು ದಿನವೋ ವಾರವೋ ಗಡುವು ಇರುತ್ತದೆ. ಅಷ್ಟರಲ್ಲಿ ಯಾರ ದನಿ ಜೋರೋ ಅವರ ಮಾತು ಗೆಲ್ಲುತ್ತದೆ.

ಹಾಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ. ನನ್ನ ಪ್ರಕಾರ ಈ ತೀರ್ಮಾನಕ್ಕೆ ಎರಡು ಸಂಖ್ಯೆ ಬೇಕು. ಒಂದು, ತಿಂಗಳ ಕೊನೆಗೆ ಎರಡೂ ಮನೆ ನಡೆಸಿ ಕೈಯಲ್ಲಿ ಉಳಿಯುವ ದುಡ್ಡು. ಇನ್ನೊಂದು, ಊರಿಂದ ಫೋನ್ ಬಂದ ಕ್ಷಣದಿಂದ ಮನೆ ಬಾಗಿಲು ಮುಟ್ಟುವವರೆಗೆ ಹಿಡಿಯುವ ತಾಸುಗಳು. ಸಂಬಳ ಎಷ್ಟು, ಕಿಲೋಮೀಟರ್ ಎಷ್ಟು ಅನ್ನುವುದು ಇವೆರಡರ ಮುಂದೆ ಸಣ್ಣ ವಿಷಯ.

ಒಂದು ಉದ್ದನೆ ನೋಟ್‌ಬುಕ್ ತೆಗೆದುಕೊಳ್ಳಿ. ಮನೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಮೊದಲು ಸಂಬಳವನ್ನು ಬಿಡಿಸಿ ನೋಡಿ

ಕಂಪನಿಯವರು ಫೋನ್‌ನಲ್ಲಿ ಹೇಳುವುದು ಸಿಟಿಸಿ. ಅಂದರೆ ನಿಮ್ಮ ಮೇಲೆ ವರ್ಷಕ್ಕೆ ಅವರಿಗೆ ಬೀಳುವ ಒಟ್ಟು ಖರ್ಚು. ಅದು ನಿಮ್ಮ ಖಾತೆಗೆ ಬೀಳುವ ದುಡ್ಡಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಊರೆಲ್ಲ ಪೇಢೆ ಹಂಚಿ, ಮೊದಲ ಸಂಬಳದ ದಿನ ಮುಖ ಸಣ್ಣ ಮಾಡಿಕೊಂಡ ಹುಡುಗರನ್ನು ನಾನು ಬಹಳ ನೋಡಿದ್ದೇನೆ.

ಒಂದು ಉದಾಹರಣೆ ಮಾಡೋಣ. ಕಲಬುರಗಿಯಲ್ಲಿ ಸ್ವಂತ ಮನೆ ಇರುವ ಒಬ್ಬ ಅಕೌಂಟೆಂಟ್ ಇದ್ದಾನೆ ಅಂದುಕೊಳ್ಳಿ. ಈಗ ಕೈಗೆ 20,000 ರೂಪಾಯಿ ಬರುತ್ತದೆ. ಮನೆ ಖರ್ಚು 14,000. ಉಳಿಯುವುದು 6,000. ಅವನಿಗೆ ಬೆಂಗಳೂರಿನಲ್ಲಿ ವರ್ಷಕ್ಕೆ 5 ಲಕ್ಷ 40 ಸಾವಿರದ ಪ್ಯಾಕೇಜ್ ಬಂತು. ತಿಂಗಳಿಗೆ 45,000. ಕೇಳಿದರೆ ಎರಡು ಪಟ್ಟಿಗಿಂತ ಜಾಸ್ತಿ, ಅಲ್ವಾ?

ಈಗ ಸಂಬಳದ ಪಟ್ಟಿಯನ್ನು ಸಾಲು ಸಾಲಾಗಿ ಓದಿ. ವೇರಿಯಬಲ್ ಪೇ ಶೇ 10 ಅಂತ ಬರೆದಿದ್ದರೆ ತಿಂಗಳಿಗೆ 4,500 ಮೊದಲೇ ಬದಿಗಿಡಿ. ಅದು ವರ್ಷದ ಕೊನೆಗೆ ಬರಬಹುದು, ಪೂರ್ತಿ ಬರದೇ ಇರಬಹುದು. ಬೇಸಿಕ್ 22,500 ಅಂತಿದ್ದರೆ ಗ್ರಾಚ್ಯುಟಿ ಅಂತ ಶೇ 4.81ರ ಲೆಕ್ಕದಲ್ಲಿ ಸುಮಾರು 1,080 ಹಿಡಿದಿರುತ್ತಾರೆ. ಕಾಯಂ ನೌಕರರಿಗೆ ಅದು ಸಾಮಾನ್ಯವಾಗಿ 5 ವರ್ಷ ತುಂಬಿದ ಮೇಲೆ ಕೈಗೆ ಸಿಗುವ ದುಡ್ಡು. ಕಂಪನಿ ಪಾಲಿನ ಪಿಎಫ್ 1,800 ಸಹ ಇದೇ 45,000ದ ಒಳಗೇ ಕೂತಿರುತ್ತದೆ. ಆಮೇಲೆ ನಿಮ್ಮ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200. ಎಲ್ಲ ಕಳೆದರೆ ಕೈಗೆ ಬರುವುದು ಸುಮಾರು 35,600. ಈ ಮಟ್ಟದ ಸಂಬಳಕ್ಕೆ ಹೊಸ ಪದ್ಧತಿಯಲ್ಲಿ ಆದಾಯ ತೆರಿಗೆ ಬೀಳುವುದಿಲ್ಲ, ಅದೊಂದು ಸಮಾಧಾನ.

ಪಿಎಫ್ ದುಡ್ಡು ಕಳೆದುಹೋಗುವುದಲ್ಲ, ಅದು ನಿಮ್ಮದೇ. ಈಗಿನ ಕೆಲಸದಲ್ಲಿ ಪಿಎಫ್ ಇಲ್ಲದಿದ್ದರೆ ಅದು ನಿಜವಾದ ಲಾಭ ಅಂತಲೇ ಬರೆದುಕೊಳ್ಳಿ. ಆದರೆ ಬಾಡಿಗೆ ಕಟ್ಟುವ ದಿನ ಅದು ಕೈಗೆ ಸಿಗುವುದಿಲ್ಲ.

ಆಮೇಲೆ ಎರಡು ಒಲೆಯ ಖರ್ಚು

ಇಲ್ಲಿಯೇ ಬಹಳ ಜನರ ಲೆಕ್ಕ ತಪ್ಪುವುದು. ಹೊಸ ಊರಿನ ಖರ್ಚು ಮಾತ್ರ ಹಾಕುತ್ತಾರೆ. ಊರಲ್ಲಿ ಉಳಿದ ಮನೆ ತಾನೇ ನಡೆಯುತ್ತದೆ ಅಂದುಕೊಳ್ಳುತ್ತಾರೆ.

ನಮ್ಮ ಅಕೌಂಟೆಂಟ್ ಒಬ್ಬನೇ ಹೋದ ಅಂತಿಟ್ಟುಕೊಳ್ಳಿ. ಊಟ ಸೇರಿ ಪಿಜಿಗೆ 9,000. ಓಡಾಟಕ್ಕೆ 2,000. ಫೋನ್, ಬಟ್ಟೆ, ಚಹಾ, ಔಷಧ ಸೇರಿ 2,000. ಊರಿಗೆ ಬಂದು ಹೋಗುವುದಕ್ಕೆ ಸರಾಸರಿ 2,000. ಒಟ್ಟು 15,000. ಕಲಬುರಗಿ ಮನೆಯಲ್ಲಿ ಒಬ್ಬ ಕಡಿಮೆಯಾದ ಅಂತ 14,000 ಇದ್ದದ್ದು 12,500 ಆಗಬಹುದು, ಅಷ್ಟೇ. ಅಕ್ಕಿ, ಜೋಳ, ಹಾಲು, ಕರೆಂಟು, ಮಕ್ಕಳ ಫೀಸು ಯಾವುದೂ ಅರ್ಧ ಆಗುವುದಿಲ್ಲ. 35,600ರಲ್ಲಿ 27,500 ಹೋದರೆ ಉಳಿಯುವುದು 8,100. ಈಗ ಉಳಿಯುತ್ತಿರುವುದು 6,000. ತಿಂಗಳಿಗೆ 2,100 ರೂಪಾಯಿ ಜಾಸ್ತಿಗೆ ಹೆಂಡತಿ ಮಕ್ಕಳನ್ನು ಬಿಟ್ಟು 600 ಕಿಲೋಮೀಟರ್ ದೂರ.

ಸಂಸಾರ ಕರೆದುಕೊಂಡು ಹೋದರೆ? ಸಣ್ಣ ಮನೆಯ ಬಾಡಿಗೆ 14,000. ನೀರು, ಕರೆಂಟು, ಮೇಂಟೆನೆನ್ಸ್ 2,000. ರೇಷನ್, ಗ್ಯಾಸ್, ಹಾಲು, ತರಕಾರಿ 9,000. ಶಾಲೆ 4,000. ಓಡಾಟ 2,500. ಎಲ್ಲರೂ ಊರಿಗೆ ಬಂದು ಹೋಗುವ ಖರ್ಚನ್ನು ತಿಂಗಳಿಗೆ ಹಂಚಿದರೆ 3,000. ಊರಲ್ಲಿ ಉಳಿದ ತಂದೆ ತಾಯಿಗೆ 5,000. ಒಟ್ಟು 39,500. ಕೈಗೆ ಬರುವುದು 35,600. ಅಂದರೆ ತಿಂಗಳಿಗೆ 3,900 ಸಾಲ.

ನಿಮ್ಮ ಅಂಕಿ ಬೇರೆ ಇರುತ್ತದೆ. ಇದೇ ದಾರಿಯಲ್ಲಿ ನಿಮ್ಮದನ್ನು ಹಾಕಿ. ಒಂದು ಉಪಯೋಗದ ಸಂಖ್ಯೆ ಇದರಿಂದ ಸಿಗುತ್ತದೆ. ಈ ಸಂಸಾರಕ್ಕೆ ಈಗಿನಷ್ಟೇ 6,000 ಉಳಿಯಬೇಕಾದರೆ ಕೈಗೆ 45,500 ಬರಬೇಕು. ಎಚ್‌ಆರ್ ಜೊತೆ ಮಾತಾಡುವಾಗ "ಸ್ವಲ್ಪ ಜಾಸ್ತಿ ಮಾಡಿ ಸರ್" ಅನ್ನುವುದಕ್ಕಿಂತ ಈ ಸಂಖ್ಯೆ ಹಿಡಿದು ಮಾತಾಡಿ. ಸಿಟಿಸಿ ಮೇಲೆ ಮಾತಾಡಬೇಡಿ, ಕೈಗೆ ಬರುವ ದುಡ್ಡಿನ ಮೇಲೆ ಮಾತಾಡಿ. ಪಟ್ಟಿಯನ್ನು ಬರಹದಲ್ಲಿ ಕೇಳಿ ತರಿಸಿಕೊಳ್ಳಿ.

ಹೋಗುವ ಮುಂಚೆ ಕೈಯಲ್ಲಿ ಬೇಕಾದ ದುಡ್ಡು ಬೇರೆ. ಬೆಂಗಳೂರಿನಲ್ಲಿ ಮನೆಗೆ ಅಡ್ವಾನ್ಸ್ ಅಂತ ಹಿಂದೆಲ್ಲ ಹತ್ತು ತಿಂಗಳ ಬಾಡಿಗೆ ಕೇಳುತ್ತಿದ್ದರು, ಈಗ ಐದಾರು ತಿಂಗಳದ್ದು ಕೇಳುವವರು ಜಾಸ್ತಿ. ಹೈದರಾಬಾದಿನಲ್ಲಿ ಸಾಮಾನ್ಯವಾಗಿ ಎರಡು ಮೂರು ತಿಂಗಳದ್ದು. 14,000 ಬಾಡಿಗೆಗೆ ಐದು ತಿಂಗಳು ಅಂದರೆ 70,000. ಮನೆ ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಪದ್ಧತಿಯೂ ಬೆಂಗಳೂರಿನಲ್ಲಿದೆ. ಮೇಲೆ ಸಾಮಾನು ಸಾಗಣೆ, ಮೊದಲ ಸಂಬಳ ಬರುವವರೆಗಿನ ಖರ್ಚು. ಇದನ್ನೆಲ್ಲ ಬಡ್ಡಿಗೆ ತಂದು ಹೋಗುವ ಹಾಗಿದ್ದರೆ ಆ ಬಡ್ಡಿಯನ್ನೂ ತಿಂಗಳ ಲೆಕ್ಕದಲ್ಲಿ ಬರೆಯಿರಿ. ಬಂಗಾರ ಅಡ ಇಟ್ಟರೂ ಅದು ಸಾಲವೇ.

ಫೋನ್ ಬಂದರೆ ಎಷ್ಟು ತಾಸು?

ಅಪ್ಪನಿಗೆ ಎದೆ ನೋವು ಅಂತ ರಾತ್ರಿ 10 ಗಂಟೆಗೆ ಫೋನ್ ಬಂತು ಅಂದುಕೊಳ್ಳಿ. ಯಾರೂ ಇಷ್ಟಪಡುವ ಯೋಚನೆ ಅಲ್ಲ. ಆದರೆ ದೂರ ಅನ್ನುವುದು ನಿಜವಾಗಿ ಗೊತ್ತಾಗುವುದು ಆಗಲೇ.

ಬೀದರಿನವರಿಗೆ ಹೈದರಾಬಾದ್ 140 ಕಿಲೋಮೀಟರ್ ಆಸುಪಾಸು. ರಾತ್ರಿಯೇ ಹೊರಟರೂ ಮೂರು ನಾಲ್ಕು ತಾಸಿನಲ್ಲಿ ಮನೆ. ಅದೇ ಬೆಂಗಳೂರು ಸುಮಾರು 700 ಕಿಲೋಮೀಟರ್. ಕಲಬುರಗಿಯಿಂದ ಹೈದರಾಬಾದ್ 220ರ ಹತ್ತಿರ, ಸೊಲ್ಲಾಪುರ 110ರ ಹತ್ತಿರ, ಬೆಂಗಳೂರು 600ರ ಆಚೆ ಈಚೆ. ಹಾಗಾಗಿ ನಮ್ಮ ಭಾಗದವರು ರಾಜ್ಯದ ಗಡಿ ನೋಡಿ ದೂರ ಹತ್ತಿರ ತೀರ್ಮಾನಿಸಬಾರದು. ಬೆಂಗಳೂರಿನಲ್ಲಿ 40,000 ಕೊಡುವ ಕೆಲಸಕ್ಕಿಂತ ಹೈದರಾಬಾದಿನಲ್ಲಿ 36,000 ಕೊಡುವ ಕೆಲಸ ಬೀದರಿನ ಮನೆಗೆ ಒಳ್ಳೆಯದಾಗಬಹುದು. ನಾನಾದರೆ ಅದನ್ನೇ ಆರಿಸುತ್ತೇನೆ. 1948ರವರೆಗೆ ಈ ಸೀಮೆ ಹೈದರಾಬಾದ್ ಸಂಸ್ಥಾನದಲ್ಲೇ ಇತ್ತು. ಇವತ್ತಿಗೂ ದೊಡ್ಡಾಸ್ಪತ್ರೆ, ಮದುವೆ ಬಟ್ಟೆ, ಬೀಗತನ ಎಲ್ಲ ಆ ಕಡೆಗೇ. ದಖನಿ ಉರ್ದು, ಹಿಂದಿ, ಸ್ವಲ್ಪ ತೆಲುಗು ಬರುವ ಮನೆಗಳಿಗೆ ಅಲ್ಲಿ ಭಾಷೆಯ ಚಿಂತೆಯೂ ಕಡಿಮೆ. ಆ ಕಡೆ ಮಾಮಾನೋ ಚಿಕ್ಕಮ್ಮನೋ ಇದ್ದರೆ ಮೊದಲ ತಿಂಗಳು ಎಷ್ಟು ಹಗುರಾಗುತ್ತದೆ ಅನ್ನುವುದು ಹೋದವರಿಗೇ ಗೊತ್ತು.

ತಾಸು ಲೆಕ್ಕ ಹಾಕುವಾಗ ಸ್ಟೇಷನ್‌ನಿಂದ ಸ್ಟೇಷನ್‌ಗೆ ಹಾಕಬೇಡಿ. ಬಾಗಿಲಿಂದ ಬಾಗಿಲಿಗೆ ಹಾಕಿ. ಸುರಪುರದ ಹುಡುಗನನ್ನು ತೆಗೆದುಕೊಳ್ಳಿ. ಬೆಂಗಳೂರಿನ ರೂಮಿನಿಂದ ಸ್ಟೇಷನ್‌ಗೆ ಹೋಗುವುದಕ್ಕೇ ಟ್ರಾಫಿಕ್‌ನಲ್ಲಿ ತಾಸು ಒಂದೂವರೆ ತಾಸು. ರಾತ್ರಿ ರೈಲು ಹಿಡಿದರೆ ಬೆಳಗಿನ ಜಾವ ಯಾದಗಿರಿ. ಸುರಪುರಕ್ಕೆ ರೈಲಿಲ್ಲ. ಯಾದಗಿರಿ ಸ್ಟೇಷನ್‌ನಲ್ಲಿ ಇಳಿದು, ಬಸ್ ಸ್ಟ್ಯಾಂಡಿಗೆ ಬಂದು, ಶಹಾಪುರದ ಮೇಲೆ ಹೋಗುವ ಮೊದಲ ಬಸ್ಸಿಗೆ ಕಾಯಬೇಕು. ಅವನ ಹಳ್ಳಿ ಇನ್ನೂ ಒಳಗಿದ್ದರೆ ಅಲ್ಲಿಂದ ಟಂಟಂ ಇಲ್ಲವೇ ಯಾರಾದರೂ ಬೈಕ್ ತರಬೇಕು. ಟೈಮ್ ಟೇಬಲ್‌ನಲ್ಲಿ ಒಂಬತ್ತು ತಾಸು ಅಂತ ಕಾಣುವುದು ಮನೆ ಮುಟ್ಟುವಷ್ಟರಲ್ಲಿ ಹದಿಮೂರು ಹದಿನಾಲ್ಕು ಆಗಿರುತ್ತದೆ.

2024ರ ಮಾರ್ಚ್‌ನಿಂದ ಕಲಬುರಗಿಗೆ ಬೆಂಗಳೂರಿನ ವಂದೇ ಭಾರತ್ ಇದೆ. ಯಾದಗಿರಿಯಲ್ಲೂ ನಿಲ್ಲುತ್ತದೆ. ಆದರೆ ಅದು ಹಗಲು ರೈಲು. ಇಲ್ಲಿಂದ ನಸುಕಿನಲ್ಲಿ ಹೊರಟು ಮಧ್ಯಾಹ್ನ ಬೆಂಗಳೂರು ಸೇರುತ್ತದೆ, ಅಲ್ಲಿಂದ ಮಧ್ಯಾಹ್ನ ಹೊರಟು ಸರಿರಾತ್ರಿ ಹೊತ್ತಿಗೆ ಇಲ್ಲಿ. ಟಿಕೆಟ್ ದರವೂ ಸ್ಲೀಪರ್‌ನ ಹಾಗಲ್ಲ. ಉದ್ಯಾನ್, ಬಸವ, ಸೊಲ್ಲಾಪುರ–ಹಾಸನ ರೈಲುಗಳೇ ನಮ್ಮ ಜನಕ್ಕೆ ಆಧಾರ. 2017ರಲ್ಲಿ ಬೀದರ್–ಕಲಬುರಗಿ ಮಾರ್ಗ ತೆರೆದ ಮೇಲೆ ಹುಮನಾಬಾದ್ ಕಡೆಯವರಿಗೂ ಸ್ವಲ್ಪ ಅನುಕೂಲ ಆಗಿದೆ. ವಿಮಾನ ನಿಲ್ದಾಣ ಕಲಬುರಗಿಯಲ್ಲಿ 2019ರಲ್ಲಿ, ಬೀದರಿನಲ್ಲಿ 2020ರಲ್ಲಿ ಶುರುವಾಯಿತು. ಆದರೆ ವಿಮಾನ ಸೇವೆ ಒಂದೇ ಸಮ ನಡೆಯುವುದಿಲ್ಲ. ಅದನ್ನು ನಂಬಿ ತಾಸು ಲೆಕ್ಕ ಹಾಕಬೇಡಿ.

ಹಬ್ಬದ ಪ್ರಯಾಣ ಇನ್ನೊಂದು ಕಥೆ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ದೀಪಾವಳಿ, ಯುಗಾದಿ ಟಿಕೆಟ್ ಬೇಗ ಮುಗಿಯುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ನಮಗೆ ಮುಖ್ಯವಾದ ಹಬ್ಬಗಳಿಗೆ ಕಂಪನಿಯ ರಜೆ ಪಟ್ಟಿಯಲ್ಲಿ ಜಾಗವೇ ಇರುವುದಿಲ್ಲ. ಎಳ್ಳಮಾಸಿಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ ಉಣ್ಣುವುದು ಬೆಂಗಳೂರಿನ ಮ್ಯಾನೇಜರ್‌ಗೆ ಗೊತ್ತಿಲ್ಲ. ಶರಣಬಸವೇಶ್ವರ ಜಾತ್ರೆ, ಬಂದೇನವಾಜರ ಉರುಸು, ಮೈಲಾಪುರದ ಮಲ್ಲಯ್ಯನ ಜಾತ್ರೆ ಇವಕ್ಕೂ ಅಷ್ಟೇ. ವರ್ಷಕ್ಕೆ ಎಷ್ಟು ರಜೆ, ಪ್ರೊಬೇಷನ್‌ನಲ್ಲಿ ರಜೆ ಕೊಡುತ್ತಾರಾ, ಒಂದು ವಾರ ಊರಿಂದಲೇ ಕೆಲಸ ಮಾಡಬಹುದಾ ಅಂತ ಸೇರುವ ಮುಂಚೆ ಕೇಳಿ. ಕೇಳಿದರೆ ಕೆಲಸ ಹೋಗುತ್ತದೆ ಅನ್ನುವ ಹೆದರಿಕೆ ಬೇಡ.

ಬಸ್ಸಿನ ಒಂದು ವಿಷಯ ಲೆಕ್ಕಕ್ಕೆ ಬರುತ್ತದೆ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ರಾಜ್ಯದ ಒಳಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಸ್ಲೀಪರ್, ಎಸಿ ಬಸ್ಸಿಗೆ ಇಲ್ಲ. ಹೈದರಾಬಾದ್, ಸೊಲ್ಲಾಪುರಕ್ಕೆ ಹೋಗುವ ಅಂತರರಾಜ್ಯ ಪ್ರಯಾಣಕ್ಕೂ ಇಲ್ಲ. ತಾಯಿ ಮೇಲಿಂದ ಮೇಲೆ ಮಗಳ ಮನೆಗೆ ಬಂದು ಹೋಗುವ ಕುಟುಂಬಕ್ಕೆ ಇದು ಸಣ್ಣ ಮೊತ್ತ ಅಲ್ಲ.

ಊರಲ್ಲಿ ಉಳಿಯುವ ಕೆಲಸ ಯಾರ ತಲೆಗೆ?

ಹೋಗುವವನು ಬ್ಯಾಗ್ ತೆಗೆದುಕೊಂಡು ಹೋಗುತ್ತಾನೆ. ಅವನು ಮಾಡುತ್ತಿದ್ದ ಕೆಲಸಗಳು ಮನೆಯಲ್ಲೇ ಉಳಿಯುತ್ತವೆ. ಅವನ್ನು ಒಂದೊಂದಾಗಿ ಬರೆದು ಪಕ್ಕದಲ್ಲಿ ಒಬ್ಬರ ಹೆಸರು ಬರೆಯಿರಿ. ಹೆಸರಿಲ್ಲದ ಕೆಲಸ ಕೊನೆಗೆ ತಾಯಿಯ ಮೇಲೋ ಹೆಂಡತಿಯ ಮೇಲೋ ಬೀಳುತ್ತದೆ.

ಹೊಲ ಇದ್ದವರ ವಿಷಯ ಹೇಳುತ್ತೇನೆ. ಪಾಲಿಗೆ ಕೊಡುತ್ತೀರೋ, ಲಾವಣಿಗೆ ಕೊಡುತ್ತೀರೋ? ಯಾರಿಗೆ ಕೊಟ್ಟರೂ ಕಾಗದ ಮಾಡಿಸಿ, ಅಣ್ಣತಮ್ಮನಾದರೂ ಸರಿ. ತೊಗರಿಗೆ ಬೆಳೆ ವಿಮೆ ಮಾಡಿಸಿದ್ದರೆ ಮುಂಗಾರಿನಲ್ಲಿ ರೈತನ ಪಾಲು ವಿಮಾ ಮೊತ್ತದ ಶೇ 2ರೊಳಗೆ ಇರುತ್ತದೆ. ಕಟ್ಟುವುದು ಸುಲಭ. ಆದರೆ ಹೊಲಕ್ಕೆ ನೀರು ನಿಂತು ಬೆಳೆ ಹಾಳಾದರೆ 72 ತಾಸಿನೊಳಗೆ ತಿಳಿಸಬೇಕು. ನೀವು ಪುಣೆಯಲ್ಲಿ ಕೂತಿದ್ದರೆ ಹೊಲದಲ್ಲಿ ನೀರು ನಿಂತದ್ದು ನಿಮಗೆ ಯಾರು ಹೇಳುತ್ತಾರೆ? ಫೋಟೊ ಯಾರು ತೆಗೆಯುತ್ತಾರೆ? ಪಹಣಿ, ಬ್ಯಾಂಕ್ ಪಾಸ್‌ಬುಕ್, ಅರ್ಜಿ ನಂಬರ್ ಯಾರ ಹತ್ತಿರ ಇರುತ್ತದೆ? ಒಬ್ಬರಿಗೆ ಇದನ್ನೆಲ್ಲ ಈಗಲೇ ಕಲಿಸಿಕೊಡಿ. ಆಧಾರ್‌ಗೆ ಜೋಡಿಸಿದ ಫೋನ್ ನಂಬರ್ ನೀವು ತೆಗೆದುಕೊಂಡು ಹೋಗುವ ಸಿಮ್ ಆಗಿದ್ದರೆ, ಊರಲ್ಲಿ ಏನೇ ಕೆಲಸ ಇದ್ದರೂ ಒಟಿಪಿ ನಿಮ್ಮ ಹತ್ತಿರ ಬರುತ್ತದೆ. ಮೀಟಿಂಗ್‌ನಲ್ಲಿ ಕೂತಾಗ ಅಪ್ಪ ಕಂಪ್ಯೂಟರ್ ಸೆಂಟರ್‌ನಿಂದ ಒಟಿಪಿ ಕೇಳುತ್ತಾರೆ.

ಆಸ್ಪತ್ರೆ ವಿಷಯದಲ್ಲಿ ಕಲಬುರಗಿ ಮೊದಲಿಗಿಂತ ಎಷ್ಟೋ ವಾಸಿ. ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಜಿಮ್ಸ್ ಇದೆ, ನೌಕರರ ವಿಮೆಯ ಇಎಸ್‌ಐ ಆಸ್ಪತ್ರೆ ಇದೆ, ಹೃದಯಕ್ಕೆ ಜಯದೇವ ಇಲ್ಲೇ ಇದೆ. ಬೀದರಿನಲ್ಲಿ ಜಿಮ್ಸ್‌ನಂಥದ್ದೇ ಬ್ರಿಮ್ಸ್. ಆದರೆ ಕರೆದುಕೊಂಡು ಹೋಗುವವರು ಬೇಕಲ್ಲ. ಓಣಿಯಲ್ಲಿ ಗಾಡಿ ಇರುವ ಇಬ್ಬರ ನಂಬರ್ ಅಮ್ಮನ ಫೋನ್‌ನಲ್ಲಿ ಹಾಕಿ. ಅವರ ಮನೆಗೆ ನೀವೇ ಹೋಗಿ ಮಾತಾಡಿ ಬನ್ನಿ. ಇದು ಫೋನ್‌ನಲ್ಲಿ ಮಾಡುವ ಕೆಲಸ ಅಲ್ಲ.

ಹೆಂಡತಿಯ ಕೆಲಸ ಮತ್ತು ಮಕ್ಕಳ ಶಾಲೆ

"ಅವಳದೇನು, ಬರ್ತಾಳ" ಅನ್ನುವ ಮಾತು ಇನ್ನೂ ನಮ್ಮ ಮನೆಗಳಲ್ಲಿ ಇದೆ. ಅದು ನನಗೆ ಸರಿ ಕಾಣುವುದಿಲ್ಲ. ಅವಳು ಅಂಗನವಾಡಿ ಕಾರ್ಯಕರ್ತೆಯೋ ಆಶಾ ಕಾರ್ಯಕರ್ತೆಯೋ ಆಗಿದ್ದರೆ ಆ ಕೆಲಸ ಆ ಊರಿಗೇ ಅಂಟಿದ್ದು. ಊರು ಬಿಟ್ಟರೆ ಕೆಲಸ ಬಿಟ್ಟ ಹಾಗೆ. ವಾಪಸ್ ಬಂದಾಗ ಆ ಜಾಗದಲ್ಲಿ ಬೇರೆಯವರು ಇರುತ್ತಾರೆ. ಹೊಲಿಗೆ, ಟ್ಯೂಷನ್, ರೊಟ್ಟಿ ಮಾಡಿ ಮಾರುವ ಕೆಲಸವೂ ಹಾಗೇ. ಗಿರಾಕಿ ಕೂಡಿಸುವುದಕ್ಕೆ ವರ್ಷಗಳು ಬೇಕಾಗಿರುತ್ತವೆ. ಅವಳ ಗಳಿಕೆಯನ್ನೂ ಮೇಲಿನ ಲೆಕ್ಕದಲ್ಲಿ ಕಳೆಯಿರಿ. ಹಾಗೇ, ಕೆಲಸ ಬಂದಿರುವುದು ಮಗಳಿಗೋ ಹೆಂಡತಿಗೋ ಆಗಿದ್ದರೆ ಇದೇ ಲೆಕ್ಕವನ್ನೇ ಹಾಕಿ. ಹುಡುಗಿ ಅಂತ ಲೆಕ್ಕ ಹಾಕದೇ ಬೇಡ ಅನ್ನುವುದು ಅನ್ಯಾಯ. ರೂಮು, ಹಾಸ್ಟೆಲ್, ಶಿಫ್ಟ್ ಮುಗಿದ ಮೇಲೆ ಮನೆಗೆ ಬರುವ ದಾರಿ ಇವನ್ನು ಹೋಗಿ ನೋಡಿ ಬನ್ನಿ. ನೋಡಿದ ಮೇಲೆ ಮನೆಯವರ ಹೆದರಿಕೆ ಅರ್ಧ ಇಳಿಯುತ್ತದೆ.

ಮಕ್ಕಳ ವಿಷಯದಲ್ಲಿ ಒಂದು ಮಾತನ್ನು ಬಹಳ ಜನ ತಡವಾಗಿ ತಿಳಿದುಕೊಳ್ಳುತ್ತಾರೆ. ಸಿಇಟಿಯಲ್ಲಿ ಸರ್ಕಾರಿ ಕೋಟಾದ ಸೀಟಿಗೆ ಅರ್ಹತೆಯ ಮುಖ್ಯ ದಾರಿ ಅಂದರೆ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರುವುದು. ಬೇರೆ ಕಲಂಗಳೂ ಇವೆ, ಆದರೆ ಹೆಚ್ಚಿನವರು ಬರುವುದು ಇದರಲ್ಲೇ. ಮಗು ಎರಡನೇ ಕ್ಲಾಸಿನಲ್ಲಿ ಹೈದರಾಬಾದಿಗೆ ಹೋಗಿ ಹತ್ತನೇ ಕ್ಲಾಸು ಮುಗಿಸಿ ಬಂದರೆ ಈ 7 ವರ್ಷ ತುಂಬುವುದಿಲ್ಲ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು ಸ್ಥಳೀಯರಿಗೆ, ರಾಜ್ಯದ ಉಳಿದ ಕಡೆ ಶೇ 8 ಇದೆ. ಬಡವರ ಮನೆಯ ಎಷ್ಟೋ ಮಕ್ಕಳು ಇಂಜಿನಿಯರಿಂಗ್, ಮೆಡಿಕಲ್ ಓದಿದ್ದು ಈ ದಾರಿಯಲ್ಲೇ. ಮಗು ಡಾಕ್ಟರ್ ಆಗಲಿ ಅನ್ನುವ ಆಸೆ ಇದ್ದರೆ, ರಾಜ್ಯದ ಹೊರಗೆ ಸಂಸಾರ ಕಟ್ಟುವ ಮುಂಚೆ ಅರ್ಹತೆಯ ನಿಯಮ ಓದಿ, ವರ್ಷ ಎಣಿಸಿ.

ಭಾಷೆಯೂ ಇದೆ. ತೆಲಂಗಾಣದಲ್ಲಿ 2018ರಿಂದ ತೆಲುಗು ಕಡ್ಡಾಯ, ಮಹಾರಾಷ್ಟ್ರದಲ್ಲಿ 2020ರಿಂದ ಮರಾಠಿ ಕಡ್ಡಾಯ. ಸಣ್ಣ ಮಗು ಬೇಗ ಕಲಿಯುತ್ತದೆ. ಎಂಟು ಒಂಬತ್ತನೇ ಕ್ಲಾಸಿನ ಮಗುವಿಗೆ ಹೊಸ ಲಿಪಿ ಅಂದರೆ ಕಷ್ಟ. ಆ ವಯಸ್ಸಿನ ಮಕ್ಕಳಿದ್ದರೆ ಹತ್ತನೇ ಕ್ಲಾಸು ಮುಗಿಯುವವರೆಗೆ ಒಬ್ಬರೇ ಹೋಗುವುದು ವಾಸಿ ಅಂತ ನನ್ನ ಅಭಿಪ್ರಾಯ. ಯಾವ ಊರಿಗೆ ಹೋದರೂ ಶಾಲೆ ಬದಲಿಸುವುದು ಏಪ್ರಿಲ್–ಮೇ ರಜೆಯಲ್ಲೇ ಇರಲಿ. ಟಿಸಿ, ಸ್ಯಾಟ್ಸ್ ನಂಬರ್ (ಶಾಲೆಯ ದಾಖಲೆಯಲ್ಲಿ ಮಗುವಿಗೆ ಕೊಟ್ಟ ನಂಬರ್), ಜಾತಿ ಆದಾಯ ಪತ್ರ ಎಲ್ಲ ಹೊರಡುವ ಮುಂಚೆ ಕೈಯಲ್ಲಿರಲಿ.

371(ಜೆ) ಮರೆತು ಹೋಗಬೇಡಿ

ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ಹಕ್ಕು 2013ರಿಂದ ಜಾರಿಯಲ್ಲಿದೆ. ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ಸರ್ಕಾರಿ ಹುದ್ದೆಗಳಲ್ಲಿ ಎ ಮತ್ತು ಬಿ ಗುಂಪಿಗೆ ಶೇ 75, ಸಿ ಗುಂಪಿಗೆ ಶೇ 80, ಡಿ ಗುಂಪಿಗೆ ಶೇ 85 ನಮಗೆ ಮೀಸಲು. ಇಲ್ಲೇ ಹುಟ್ಟಿದವರಿಗೆ, ಹೊರಗೆ ದುಡಿದ ಕಾರಣಕ್ಕೆ ಇದು ತಪ್ಪಿಹೋಗುವುದಿಲ್ಲ.

ಆದರೆ ಪ್ರಮಾಣಪತ್ರ ಬೇಕು. ಅದನ್ನು ಕೊಡುವುದು ಉಪವಿಭಾಗಾಧಿಕಾರಿ, ಅಂದರೆ ಎಸಿ ಕಚೇರಿ. ಹುಟ್ಟಿದ ದಾಖಲೆ, ಶಾಲೆಯ ದಾಖಲಾತಿ, ವಾಸದ ದಾಖಲೆ ಜೋಡಿಸಿ ಅರ್ಜಿ ಕೊಡುವುದು ಊರಲ್ಲಿದ್ದಾಗ ಒಂದು ಓಡಾಟದ ಕೆಲಸ. ಬೆಂಗಳೂರಿನಿಂದ ಅದಕ್ಕಾಗಿ ರಜೆ ಹಾಕಿ ಬರುವುದು ಬೇರೆಯೇ ಕಷ್ಟ. ಹೊರಡುವ ಮುಂಚೆ ಮಾಡಿಸಿಡಿ, ಮಕ್ಕಳದ್ದೂ ಮಾಡಿಸಿ. ಸರ್ಕಾರಿ ನೌಕರಿಗೆ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಕ್ಕೆ 38, ಪರಿಶಿಷ್ಟರಿಗೆ 40 ವರ್ಷದ ಮಿತಿ ಇದೆ, ಆಗಾಗ ಸಡಿಲಿಕೆಯೂ ಸಿಗುತ್ತದೆ. ಖಾಸಗಿ ಕೆಲಸಕ್ಕೆ ಹೋದ ಮೇಲೂ ಅರ್ಜಿ ಹಾಕುವುದನ್ನು ನಿಲ್ಲಿಸಬೇಡಿ.

ಒಂದು ಪ್ರಶ್ನೆಯನ್ನು ಇಲ್ಲಿಯೇ ಕೇಳಿಕೊಳ್ಳಿ. ಅಲ್ಲಿ ಕಲಿಯುವ ಕೆಲಸ ಮುಂದೆ ಇಲ್ಲಿ ಉಪಯೋಗಕ್ಕೆ ಬರುತ್ತದಾ? ಆಸ್ಪತ್ರೆಯ ಲ್ಯಾಬ್, ಡಯಾಲಿಸಿಸ್ ಟೆಕ್ನಿಷಿಯನ್, ಸೋಲಾರ್, ಸಿಮೆಂಟ್ ಕಾರ್ಖಾನೆಯ ಎಲೆಕ್ಟ್ರಿಕಲ್ ಕೆಲಸ, ಜಿಎಸ್‌ಟಿ ಲೆಕ್ಕ ಕಲಿತು ಬಂದವರಿಗೆ ವಾಡಿ, ಸೇಡಂ, ಕಡೇಚೂರು, ಹುಮನಾಬಾದ್ ಕಡೆ ಕೆಲಸ ಸಿಗುವ ದಾರಿ ಇದೆ. ಬರೀ ಕಾಲ್ ಎತ್ತುವ, ಡೆಲಿವರಿ ಕೊಡುವ ಕೆಲಸದಲ್ಲಿ ಎರಡು ವರ್ಷ ಆದ ಮೇಲೂ ಕೈಯಲ್ಲಿ ಹೊಸದೇನೂ ಇರುವುದಿಲ್ಲ. ತಿಂಗಳಿಗೆ 2,000 ಉಳಿತಾಯ ಕಡಿಮೆ ಆದರೂ ಕಲಿಕೆ ಇರುವ ಕೆಲಸಕ್ಕೆ ಹೋಗಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಕಲಿಕೆಯೂ ಇಲ್ಲ, ಉಳಿತಾಯವೂ ಇಲ್ಲ ಅಂದರೆ ಆ ಕೆಲಸಕ್ಕಾಗಿ ಊರು ಬಿಡಬೇಡಿ.

ಕಂಪನಿ ನಿಜವೋ ಸುಳ್ಳೋ

ಕೆಲಸ ಕೊಡುವುದಕ್ಕೆ ದುಡ್ಡು ಕೇಳಿದರೆ ಅಲ್ಲಿಗೇ ಬಿಡಿ. ಟ್ರೇನಿಂಗ್ ಫೀ, ಲ್ಯಾಪ್‌ಟಾಪ್ ಡಿಪಾಸಿಟ್, ಯೂನಿಫಾರ್ಮ್, ಹೆಸರು ಏನೇ ಇರಲಿ. ಮೂಲ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇವೆ ಅಂದರೂ ಬಿಡಿ. ತೋರಿಸಿ, ನಕಲು ಕೊಡಿ, ಮೂಲ ಕೊಡಬೇಡಿ. ಬಾಂಡ್ ಇದ್ದರೆ ಎಷ್ಟು ತಿಂಗಳು, ಬಿಟ್ಟರೆ ಎಷ್ಟು ಕಟ್ಟಬೇಕು ಓದಿ. ನೋಟಿಸ್ ಪೀರಿಯಡ್ ನೋಡಿ. ಸ್ಥಳಾಂತರಕ್ಕೆ ದುಡ್ಡು ಕೊಟ್ಟರೆ, ವರ್ಷದೊಳಗೆ ಬಿಟ್ಟವರಿಂದ ಅದನ್ನು ವಾಪಸ್ ಕೇಳುವುದುಂಟು. ಅದನ್ನೂ ನೋಡಿ.

ಗಲ್ಫ್‌ಗೆ ಹೋಗುವವರು ಇನ್ನೂ ಹುಷಾರಾಗಿರಬೇಕು. ಏಜೆಂಟ್ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ನೋಂದಣಿ ಆದವನೇ ಅಂತ ನೋಡಿ. ಅವನು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅಷ್ಟೇ. ಒಂದೂವರೆ ಲಕ್ಷ ಕೇಳುವವನು ನಿಯಮ ಮುರಿಯುತ್ತಿದ್ದಾನೆ. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಕೆಲಸ ಮಾಡೋಣ ಅನ್ನುವ ಮಾತನ್ನು ನಂಬಬೇಡಿ.

ತಾಂಡಾಗಳಿಂದ, ಹಳ್ಳಿಗಳಿಂದ ಮೇಸ್ತ್ರಿಯ ಜೊತೆ ಗುಂಪಾಗಿ ಪುಣೆ, ಮುಂಬೈಗೆ ಗುಳೆ ಹೋಗುವವರಿಗೂ ಇದೇ ಎರಡು ಲೆಕ್ಕ ಅನ್ವಯಿಸುತ್ತದೆ. ಒಂದು ಮಾತು ಮಾತ್ರ ಜಾಸ್ತಿ. ಮುಂಗಡ ತೆಗೆದುಕೊಂಡರೆ ಎಷ್ಟು, ದಿನಕ್ಕೆ ಎಷ್ಟು ಮುರಿಯುತ್ತಾರೆ ಅಂತ ಬರೆಸಿಕೊಳ್ಳಿ. ಆ ಕಾಗದದ ಫೋಟೊ ಊರಲ್ಲಿ ಇನ್ನೊಬ್ಬರ ಫೋನ್‌ನಲ್ಲೂ ಇರಲಿ.

ಹೋಗುವುದೇ ಸೈ ಅಂದರೆ

ಮೊದಲು ಒಬ್ಬರೇ ಹೋಗಿ. ಮೂರು ತಿಂಗಳಾದರೂ ಪಿಜಿಯಲ್ಲೋ ನೆಂಟರ ಮನೆಯಲ್ಲೋ ಇರಿ. ಪ್ರೊಬೇಷನ್ ಮುಗಿಯುವವರೆಗೆ ಊರಿನ ಮನೆಯನ್ನು ಬಾಡಿಗೆಗೆ ಕೊಡಬೇಡಿ, ಎಮ್ಮೆ ಮಾರಬೇಡಿ, ಮಗುವಿನ ಟಿಸಿ ತೆಗೆಸಬೇಡಿ.

ಮನೆ ನೋಡುವುದಾದರೆ ಭಾನುವಾರ ಹೋಗಿ ನೋಡಿ ಅಡ್ವಾನ್ಸ್ ಕೊಟ್ಟು ಬರಬೇಡಿ. ಸೋಮವಾರ ಬೆಳಗ್ಗೆ ಎಂಟೂವರೆಗೆ ಆ ಮನೆಯ ಬಾಗಿಲಿನಿಂದ ಆಫೀಸಿನ ಬಾಗಿಲಿಗೆ ಒಮ್ಮೆ ಹೋಗಿ. ಬೆಂಗಳೂರಿನಲ್ಲಿ ಹನ್ನೆರಡು ಕಿಲೋಮೀಟರ್ ಅಂದರೆ ಅರ್ಧ ತಾಸೂ ಆಗಬಹುದು, ಒಂದೂ ಮುಕ್ಕಾಲು ತಾಸೂ ಆಗಬಹುದು. ನಲ್ಲಿ ತಿರುಗಿಸಿ ನೋಡಿ. ಕಾವೇರಿ ನೀರೋ, ಬೋರೋ, ಬೇಸಿಗೆಯಲ್ಲಿ ಟ್ಯಾಂಕರೋ ಕೇಳಿ. ಟ್ಯಾಂಕರ್ ಆದರೆ ದುಡ್ಡು ಯಾರು ಕೊಡಬೇಕು ಅಂತಲೂ ಕೇಳಿ. ಮಾಲೀಕರನ್ನು ಕೇಳುವುದಕ್ಕಿಂತ ಕೆಳಗಿನ ಮನೆಯವರನ್ನು ಕೇಳಿದರೆ ನಿಜ ಗೊತ್ತಾಗುತ್ತದೆ. 11 ತಿಂಗಳ ಕರಾರಿನಲ್ಲಿ ಅಡ್ವಾನ್ಸ್ ಮೊತ್ತ, ಪೇಂಟಿಂಗ್ ಕಡಿತ, ಬಿಡುವುದಕ್ಕೆ ಎಷ್ಟು ದಿನ ಮುಂಚೆ ಹೇಳಬೇಕು ಅನ್ನುವುದು ಬರಹದಲ್ಲಿರಲಿ.

ಕಾಗದ ಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಒಂದು ದೇಶ ಒಂದು ಪಡಿತರ ವ್ಯವಸ್ಥೆಯಲ್ಲಿ ಕೇಂದ್ರದ ಪಾಲಿನ ಧಾನ್ಯವನ್ನು ಬೇರೆ ರಾಜ್ಯದಲ್ಲೂ ಪಡೆಯಬಹುದು, ಇ-ಕೆವೈಸಿ ಆಗಿರಬೇಕು. ಮನೆಯವರು ಅರ್ಧ ಇಲ್ಲಿ ಅರ್ಧ ಅಲ್ಲಿ ಇದ್ದರೆ ಕಾರ್ಡಿಗೆ ಬರುವ ಧಾನ್ಯದ ಪಾಲು ಹೇಗೆ ತೆಗೆದುಕೊಳ್ಳುತ್ತೀರಿ ಅಂತ ಮೊದಲೇ ಮಾತಾಡಿಕೊಳ್ಳಿ. ಆಯುಷ್ಮಾನ್ ಕಾರ್ಡ್ ಇದ್ದರೆ ಹೊಸ ಊರಿನಲ್ಲಿ ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ತಿಳಿದಿಟ್ಟುಕೊಳ್ಳಿ. ಸಂಬಳ 21,000ದೊಳಗೆ ಇದ್ದರೆ ಇಎಸ್‌ಐ ಬರುತ್ತದೆ, ಊರಲ್ಲಿರುವ ಮನೆಯವರ ಹೆಸರನ್ನೂ ಸೇರಿಸಿ. ಆಗ ಅವರು ಕಲಬುರಗಿಯಲ್ಲೇ ತೋರಿಸಿಕೊಳ್ಳಬಹುದು. ಹಳೆಯ ಪಿಎಫ್ ಇದ್ದರೆ ಅದೇ ಯುಎಎನ್, ಅಂದರೆ ಪಿಎಫ್‌ನ ಕಾಯಂ ನಂಬರ್ ಕೊಡಿ, ಹೊಸದು ಮಾಡಿಸಬೇಡಿ, ಹಳೆಯ ದುಡ್ಡು ತೆಗೆಯಲೂ ಬೇಡಿ. ಬೈಕ್ ಬೇರೆ ರಾಜ್ಯಕ್ಕೆ ಒಯ್ದು 12 ತಿಂಗಳಿಗಿಂತ ಜಾಸ್ತಿ ಇಟ್ಟರೆ ಅಲ್ಲಿಯ ನಂಬರ್ ಮಾಡಿಸಬೇಕು, ತೆರಿಗೆ ಬೀಳುತ್ತದೆ. ಹಳೆಯ ಗಾಡಿಯಾದರೆ ಊರಲ್ಲೇ ಬಿಡುವುದು ಲಾಭ.

ಹೊರಡುವ ಮುಂಚೆಯೇ ವಾಪಸ್ ಬರುವ ಷರತ್ತುಗಳನ್ನೂ ಮನೆಯವರೆಲ್ಲ ಕೂತು ಬರೆದಿಡಿ. ಆರು ತಿಂಗಳಾದ ಮೇಲೂ ತಿಂಗಳಿಗೆ ಇಷ್ಟು ಉಳಿಯದಿದ್ದರೆ ಬರುತ್ತೇನೆ. ಅಪ್ಪ ಅಮ್ಮನಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಇಷ್ಟು ದಿನದೊಳಗೆ ಬರುತ್ತೇನೆ, ಇಲ್ಲವೇ ಅವರನ್ನು ಕರೆದುಕೊಂಡು ಹೋಗುತ್ತೇನೆ. ಹೀಗೆ. ಬರೆದಿದ್ದರೆ ವಾಪಸ್ ಬಂದ ದಿನ "ಸೋತು ಬಂದ" ಅಂತ ಯಾರೂ ಅನ್ನುವ ಹಾಗಿಲ್ಲ. ಮೂರು ತಿಂಗಳ ಮನೆ ಖರ್ಚಿನಷ್ಟು ದುಡ್ಡನ್ನು ಇದಕ್ಕಾಗಿಯೇ ಬೇರೆ ಖಾತೆಯಲ್ಲಿ ಇಡಿ.

ಬೇಡ ಅಂದರೆ

ಲೆಕ್ಕ ಹಾಕಿ ಬೇಡ ಅಂತ ತೀರ್ಮಾನ ಆದರೆ ಗಡುವಿನ ಒಳಗೇ ಕಂಪನಿಗೆ ತಿಳಿಸಿ. ಸುಮ್ನೆ ಫೋನ್ ಎತ್ತದೇ ಇರಬೇಡಿ. ಈಗ ಆಗುತ್ತಿಲ್ಲ, ಕೈಗೆ ಇಷ್ಟು ಬರುವ ಹಾಗಿದ್ದರೆ ಅಥವಾ ಹೈದರಾಬಾದ್ ಆಫೀಸಿನಲ್ಲಿ, ಇಲ್ಲವೇ ಮನೆಯಿಂದ ಮಾಡುವ ಕೆಲಸ ಇದ್ದರೆ ಬರುತ್ತೇನೆ ಅಂತ ಎರಡು ಸಾಲು ಮೇಲ್ ಹಾಕಿ. ನಿಮ್ಮನ್ನು ಸಂದರ್ಶನ ಮಾಡಿದವರ ನಂಬರ್ ಇಟ್ಟುಕೊಳ್ಳಿ. ಆಫರ್ ಲೆಟರ್ ಸಹ ಅಳಿಸಬೇಡಿ. ಈಗಿನ ಮಾಲೀಕರ ಹತ್ತಿರ ಸಂಬಳದ ಮಾತು ಎತ್ತುವಾಗ, ಇಲ್ಲವೇ ಇನ್ನೊಂದು ಸಂದರ್ಶನದಲ್ಲಿ ನಿಮ್ಮ ಕೆಲಸಕ್ಕೆ ಹೊರಗೆ ಎಷ್ಟು ಬೆಲೆ ಇದೆ ಅಂತ ತೋರಿಸುವುದಕ್ಕೆ ಅದು ಬೇಕಾಗುತ್ತದೆ.